ನಿವೃತ್ತರ ವೃತ್ತ

ಪಾಠ ಹೇಳುವವರಿಗೆ ಒಂದು ದುರಭ್ಯಾಸವುಂಟು: ಯಾವ ಮಾತು ಕಿವಿಗೆ ಬಿದ್ದರೂ ಅದರ ಧಾತುವನ್ನು ಹುಡುಕಿಕೊಂಡು ಹೊರಡುವುದು. ಹೋದ ವರ್ಷ ನಮ್ಮ ಕಾಲೇಜಿನ ಹಿರಿಯ ಅಧ್ಯಾಪಕರೊಬ್ಬರ ಬೀಳ್ಕೊಡುಗೆಯ ಸಮಾರಂಭದಲ್ಲಿ ನಾನೂ ನಾಲ್ಕು ಮಾತಾಡಬೇಕಾಗಿ ಬಂತು. ‘ನಿವೃತ್ತಿ’ ಎಂದರೆ ವೃತ್ತಿಯಿಲ್ಲದಿರುವುದು ಎಂದು ಅನೇಕರು ತಿಳಿದಿದ್ದಾರೆ, ಅದು ಸರಿಯಲ್ಲ, ತಿರುಗು ಎಂಬ ಅರ್ಥದ ‘ವೃತ್’ ಧಾತುವಿನಿಂದ ಹುಟ್ಟಿದ ಮಾತದು, ಹಿಂದಕ್ಕೆ ತಿರುಗುವುದು, ಮರಳುವುದು ಎಂಬುದೇ ಅದರ ಮೂಲಾರ್ಥ ಎಂದು ವಿವರಿಸಿದೆ. ಚಪ್ಪಾಳೆಯೂ ಬಿತ್ತು. ಆದರೆ ಹಾರ ಹಾಕಿಸಿಕೊಂಡಿದ್ದ ಆ ಹಿರಿಯರು, ಸಭೆ ಮುಗಿದ ಮೇಲೆ ಕಾಫಿ ಕುಡಿಯುತ್ತ ಮೆಲ್ಲಗೆ ಕೇಳಿದರು: “ಮರಳುವುದು ಸರಿ ಸ್ವಾಮಿ. ಎಲ್ಲಿಗೆ?”

ಧಾತುಪಾಠದಲ್ಲಿ ಇದಕ್ಕೆ ಉತ್ತರವಿಲ್ಲ. ನಕ್ಕು ಸುಮ್ಮನಾದೆ.

ಆ ಪ್ರಶ್ನೆಯನ್ನು ಅಲ್ಲಿಗೇ ಮರೆತುಬಿಡುತ್ತಿದ್ದೆನೋ ಏನೋ. ಅದೇ ತಿಂಗಳು ಬೆಂಗಳೂರಿನಿಂದ ಅಣ್ಣ ಒಂದು ಪುಸ್ತಿಕೆಯನ್ನು ಕಳುಹಿಸಿದ. ನುಣುಪಾದ ಕಾಗದ; ಬಣ್ಣಬಣ್ಣದ ಚಿತ್ರಗಳು; ಚಿತ್ರಗಳಲ್ಲಿ ನಗುತ್ತಿರುವ ಬೆಳ್ಳಿಗೂದಲಿನ ದಂಪತಿಗಳು. ವೈಟ್‌ಫೀಲ್ಡಿನ ಆಚೆಗೆ, ಹಿರಿಯರಿಗೆಂದೇ ಕಟ್ಟಿದ ಬಡಾವಣೆಯಂತೆ. ಐವತ್ತೈದು ದಾಟಿದವರಿಗೆ ಮಾತ್ರ ಅಲ್ಲಿ ಮನೆ. ಹೊಸ್ತಿಲಿಲ್ಲದ ಬಾಗಿಲು, ಬಚ್ಚಲಿನಲ್ಲಿ ಕೈಹಿಡಿ, ಒಂದೇ ಅಡುಗೆಮನೆಯಿಂದ ಎಲ್ಲರಿಗೂ ಊಟ, ವಾರಕ್ಕೆರಡು ಸಲ ವೈದ್ಯರು, ಮಂಚದ ಪಕ್ಕದಲ್ಲೊಂದು ಕೆಂಪು ಗುಂಡಿ. ಒತ್ತಿದರೆ ಯಾರಾದರೂ ಓಡಿ ಬರುತ್ತಾರೆ. ಪುಸ್ತಿಕೆಯ ಅಂಚಿನಲ್ಲಿ ಅಣ್ಣ ಬರೆದಿದ್ದ: “ಅಮ್ಮನಿಗೆ. ನೀನು ಒಪ್ಪಿಸಬೇಕು.”

ಅಮ್ಮ ಇರುವುದು ಕಾಣಿಯೂರಿನಲ್ಲಿ. ಉಡುಪಿಯ ಅಷ್ಟಮಠಗಳಲ್ಲಿ ಒಂದರ ಹೆಸರು ಎಂದರೆ ಕೆಲವರಿಗೆ ಗುರುತು ಹತ್ತೀತು. ಪುತ್ತೂರಿನಿಂದ ಸುಬ್ರಹ್ಮಣ್ಯಕ್ಕೆ ಹೋಗುವಾಗ ಸವಣೂರು ದಾಟಿದ ಮೇಲೆ ಸಿಗುವ ಊರು ಎಂದರೆ ಉಳಿದವರಿಗೂ ತಿಳಿದೀತು. ಮೊದಲು ನಾವು ಪುತ್ತೂರು ತಾಲೂಕಿನವರಾಗಿದ್ದೆವು; ಈಗ ಕುಳಿತಲ್ಲಿಂದ ಏಳದೆಯೇ ಕಡಬ ತಾಲೂಕಿಗೆ ವರ್ಗವಾಗಿದ್ದೇವೆ. ಅಡಿಕೆ ತೋಟದ ನಡುವೆ ಹಂಚಿನ ಮನೆ. ಅಪ್ಪ ತೀರಿಹೋಗಿ ಒಂಬತ್ತು ವರ್ಷವಾಯಿತು. ಅಮ್ಮನಿಗೆ ಎಂಬತ್ತು. ನಾನಿರುವುದು ಪುತ್ತೂರಿನಲ್ಲಿ, ಆದಿತ್ಯವಾರ ಹೋಗಿ ಊಟ ಮಾಡಿ, ತೆಂಗಿನಕಾಯಿಯನ್ನೂ ಬಾಳೆಗೊನೆಯನ್ನೂ ಹೊತ್ತು ಸಂಜೆಯ ಬಸ್ಸಿಗೆ ಮರಳುವವನು.

ದಿನಾ ಬೆಳಗ್ಗೆ ಆರೂವರೆಗೆ ಹಾಲಿನ ಸೊಸೈಟಿಗೆ ಹೋಗುವ ಹೆಂಗಸೊಬ್ಬಳು ಅಂಗಳದ ತುದಿಯಲ್ಲಿ ನಿಂತು ಕೂಗುತ್ತಾಳೆ: “ಅಮ್ಮ ಉಳ್ಳೆರಾ?” ತುಳು ಬಾರದವರಿಗಾಗಿ ಹೇಳುತ್ತೇನೆ: ‘ಅಮ್ಮ ಇದ್ದಾರೆಯೇ?’ ಎಂದರ್ಥ. ಒಳಗಿನಿಂದ ಅಮ್ಮ “ಉಳ್ಳೆ” ಎನ್ನುತ್ತಾಳೆ. ಇದ್ದೇನೆ. ಅರ್ಧ ಲೀಟರ್ ಹಾಲು ಪಾತ್ರೆಗೆ ಬೀಳುತ್ತದೆ. ಮಳೆಯ ಮಾತು, ಮಂಗಗಳ ಮಾತು ಎರಡು ಆಗುತ್ತದೆ. ಅವಳು ಕ್ಯಾನು ಎತ್ತಿಕೊಂಡು ಮುಂದೆ ಹೋಗುತ್ತಾಳೆ. ಕಳೆದ ಆಟಿಯಲ್ಲಿ ಒಂದು ಬೆಳಗ್ಗೆ ಒಳಗಿನಿಂದ ಉತ್ತರ ಬರಲಿಲ್ಲ. ಅಮ್ಮ ರಾತ್ರಿ ಬಚ್ಚಲಿನ ಹೊಸ್ತಿಲಲ್ಲಿ ಜಾರಿ ಬಿದ್ದು, ಏಳಲಾರದೆ, ಬೆಳಗಿನವರೆಗೆ ಒದ್ದೆ ನೆಲದ ಮೇಲೆಯೇ ಇದ್ದಳು. ಮೂಳೆ ಮುರಿಯಲಿಲ್ಲ, ದೇವರು ದೊಡ್ಡವನು. ಅಣ್ಣನ ಪುಸ್ತಿಕೆ ಬಂದದ್ದು ಆ ಬಳಿಕ.

ನನಗೆ ಸಿಟ್ಟು ಬಂತು. ಹೆತ್ತ ತಾಯಿಯನ್ನು ಗುಂಡಿಯ ಕೈಗೆ ಒಪ್ಪಿಸುವುದೆ? ಅಣ್ಣನೊಡನೆ ಫೋನಿನಲ್ಲಿ ಸಂಸ್ಕೃತಿಯ ಮೇಲೆ ಒಂದು ಉಪನ್ಯಾಸವನ್ನೇ ಮಾಡಿದೆ. ಅವನು ಪೂರ್ತಿ ಕೇಳಿ, “ನೀನು ಹೇಳುವುದೆಲ್ಲ ಸರಿ ಮಾರಾಯ. ಆ ರಾತ್ರಿ ನೀನೂ ಅಲ್ಲಿರಲಿಲ್ಲ, ನಾನೂ ಇರಲಿಲ್ಲ. ಒಮ್ಮೆ ಬಂದು ನೋಡಿಯಾದರೂ ಹೋಗು,” ಎಂದ. ದಸರಾ ರಜೆಯಲ್ಲಿ ಹೋದೆ.

*

ಹೋಗುವ ಮುಂಚೆಯೇ ‘ಕೂಡದು’ ಎಂಬ ತೀರ್ಮಾನವನ್ನು ಕಿಸೆಯಲ್ಲಿಟ್ಟುಕೊಂಡು ಹೋದವನಿಗೆ ಅಲ್ಲಿ ಸ್ವಲ್ಪ ಮುಜುಗರವಾಯಿತೆಂದು ಒಪ್ಪಿಕೊಳ್ಳಬೇಕು. ಬಡಾವಣೆ ಚೊಕ್ಕಟವಾಗಿತ್ತು. ಮರದ ಕೆಳಗೆ ಕೇರಂ ಆಡುತ್ತಿದ್ದವರಲ್ಲಿ ಧಾರವಾಡದ ಕಡೆಯ ಒಬ್ಬ ನಿವೃತ್ತ ಉಪಾಧ್ಯಾಯಿನಿ ಇದ್ದರು. ನನ್ನ ಮುಖವನ್ನು ನೋಡಿಯೇ ನನ್ನ ಮನಸ್ಸಿನಲ್ಲಿದ್ದದ್ದನ್ನು ಓದಿಕೊಂಡರೆಂದು ಕಾಣುತ್ತದೆ. “ಮಕ್ಕಳು ನಮ್ಮನ್ನ ಬಿಟ್ಟು ಹೋಗ್ಯಾರ ಅಂತ ತಿಳೀಬ್ಯಾಡ್ರಿ. ನಾವ ಅವರನ್ನ ಬಿಟ್ಟು ಬಂದೇವಿ,” ಎಂದು ನಕ್ಕು ಕೆಂಪು ಕಾಯಿಯನ್ನು ಮೂಲೆಗೆ ಹೊಡೆದರು. ನನ್ನ ಉಪನ್ಯಾಸದ ಅರ್ಧಭಾಗ ಅಲ್ಲಿಯೇ ಕರಗಿತು.

ಅಣ್ಣನಿಗೆ ಕಚೇರಿಯ ಕೆಲಸವಿದ್ದುದರಿಂದ ಹಿಂದಿರುಗುವಾಗ ನಾನೊಬ್ಬನೇ ಆದೆ. ಹಳೆಯ ವೈಟ್‌ಫೀಲ್ಡನ್ನು ನೋಡಿಯೇ ಹೋಗೋಣವೆಂದು ಕಾಲೆಳೆಯುತ್ತ ನಡೆದೆ. ಬೆಂಗಳೂರಿನವರಿಗೆ ವೈಟ್‌ಫೀಲ್ಡ್ ಎಂದರೆ ಗಾಜಿನ ಕಟ್ಟಡ, ವಾಹನಗಳ ಸಾಲು, 2023ರಲ್ಲಿ ಬಂದ ಮೆಟ್ರೊ. ಆದರೆ ಆ ಗದ್ದಲದ ನಡುವೆ ‘ಇನ್ನರ್ ಸರ್ಕಲ್’ ಎಂಬೊಂದು ದುಂಡನೆಯ ಬೀದಿ ಇದೆ. ಹೆಸರೇ ಹೇಳುವಂತೆ ಒಳವೃತ್ತ. ಅದರ ಸುತ್ತ ಹೊರವೃತ್ತ. ಒಳಗೆ ಕಾಲಿಟ್ಟರೆ ಸದ್ದು ತುಸು ಕಡಿಮೆಯಾಗುತ್ತದೆ. ಅಲ್ಲೊಂದು ಇಲ್ಲೊಂದು ಹಂಚಿನ ಬಂಗಲೆ, ಮುಂದೆ ಹಳೆಯ ಮರ. ಉಳಿದ ಕಡೆ ಹಳೆಯದನ್ನು ಕೆಡವಿ ಎತ್ತಿದ ಮಹಡಿಗಳು. ಊರೊಂದನ್ನು ಯಾರೋ ಕೈವಾರ ಹಿಡಿದು ಬರೆದಿದ್ದಾರೆ ಎಂದು ನಡೆಯುವಾಗಲೇ ತಿಳಿಯುತ್ತದೆ. ನಿವೃತ್ತರು ವಾಸಿಸಿದ ವೃತ್ತ! ಧಾತು ಹುಡುಕುವ ನನ್ನ ಚಾಳಿಗೆ ಇದಕ್ಕಿಂತ ಬೇರೆ ಹಬ್ಬ ಬೇಕೆ? ಮನೆಗೆ ಬಂದವನೇ ಆ ಊರಿನ ಚರಿತ್ರೆಯನ್ನು ಹುಡುಕಿ ಓದತೊಡಗಿದೆ.

ಕೈವಾರ ಹಿಡಿದವರು ಡಿ. ಎಸ್. ವೈಟ್ ಎಂಬವರು. ಊರಿನ ಹೆಸರಿನಲ್ಲಿರುವ ‘ವೈಟ್’ ಬಣ್ಣವಲ್ಲ, ಮನುಷ್ಯ. ಮದರಾಸಿನಲ್ಲಿದ್ದು, ಆಗ ಯುರೇಷಿಯನ್ನರೆಂದು ಕರೆಸಿಕೊಳ್ಳುತ್ತಿದ್ದ ತಮ್ಮ ಜನದ ಸಂಘವನ್ನು ಕಟ್ಟಿದವರು. ಐರೋಪ್ಯ ತಂದೆಯರ, ಭಾರತೀಯ ತಾಯಿಯರ ಸಂತತಿಯ ಈ ಜನಕ್ಕೆ ಆಂಗ್ಲೋ ಇಂಡಿಯನ್ ಎಂಬ ಹೆಸರು ಸರಕಾರಿ ಕಾಗದಗಳಲ್ಲಿ ನಿಂತದ್ದು 1911ರ ಹೊತ್ತಿಗೆ. ರೈಲ್ವೆ, ತಂತಿ, ಸುಂಕ ಮೊದಲಾದ ಇಲಾಖೆಗಳಲ್ಲಿ ಅವರು ದುಡಿದರು. ದೊರೆಗಳ ಪಂಕ್ತಿಯಲ್ಲಿ ಅವರಿಗೆ ಎಲೆಯಿಲ್ಲ. ದೇಶೀಯರ ಪಂಕ್ತಿಗೆ ಅವರು ಬರಲೊಲ್ಲರು. ಸಂಬಳ ಇರುವವರೆಗೆ ಬಾಡಿಗೆಯ ಮನೆ, ಆಮೇಲೆ ಏನು? ಕಾಲೂರಲು ಸ್ವಂತ ನೆಲವಿಲ್ಲದ ಜನಕ್ಕೆ ಬೆನ್ನೆಲುಬಿಲ್ಲ, ಆದ್ದರಿಂದ ಇವರನ್ನು ಬೇಸಾಯಗಾರರನ್ನಾಗಿ ಮಾಡಬೇಕು ಎಂಬುದು ವೈಟ್ ಅವರ ನಂಬಿಕೆ.

ನೆಲ ಕೊಟ್ಟದ್ದು ಮೈಸೂರು. ಬ್ರಿಟಿಷರ ಆಡಳಿತ ಮುಗಿದು, 1881ರಲ್ಲಿ ರಾಜ್ಯ ಒಡೆಯರ ಕೈಗೆ ಮರಳಿತ್ತು. ಹತ್ತೊಂಬತ್ತು ವರ್ಷದ ಅರಸರು ಹತ್ತನೆಯ ಚಾಮರಾಜೇಂದ್ರ ಒಡೆಯರು, ದಿವಾನರು ರಂಗಾಚಾರ್ಲು. 1882ರಲ್ಲಿ ಬೆಂಗಳೂರಿನ ಪೂರ್ವಕ್ಕೆ 3,900 ಎಕರೆ ನೆಲ ಸಂಘಕ್ಕೆ ದಾನವಾಯಿತು. ಅಲ್ಲಿ ವೈಟ್‌ಫೀಲ್ಡ್, ಸಾಸ್ಮಂಡ್ ಎಂಬ ನೆಲೆಗಳು ಎದ್ದವು. ವೈಟ್‌ಫೀಲ್ಡಿಗೆ ಬರೆದ ನಕ್ಷೆಯೇ ಈ ವೃತ್ತ. ನಡುವೆ ಎಲ್ಲರಿಗೂ ಸೇರಿದ ಹಸುರು ಬಯಲು, ಅದರ ಸುತ್ತ ಮನೆಗಳು, ಮನೆಗಳಾಚೆ ಹೊಲಗಳು. ಬೆಂಗಳೂರಿಗೆ 1864ರಲ್ಲೇ ಬಂದಿದ್ದ ರೈಲುದಾರಿ ಸಮೀಪದಲ್ಲೇ ಹಾಯುತ್ತಿತ್ತು. 1886ರಲ್ಲಿ ಚರ್ಚು ಎದ್ದಿತು. ವೇವರ್ಲಿ ಎಂಬ ವಸತಿಗೃಹವೂ ಬಂತು. 1896ರಲ್ಲಿ ಬೆಂಗಳೂರಿನ ದಂಡಿನಲ್ಲಿದ್ದ ತರುಣ ಚರ್ಚಿಲ್ ಅಲ್ಲಿಗೆ ಬರುತ್ತಿದ್ದನೆಂದೂ ಮನೆಯೊಡೆಯನ ಮಗಳ ಮೇಲೆ ಅವನಿಗೆ ಮನಸ್ಸಿತ್ತೆಂದೂ ಊರಿನವರು ಕತೆ ಹೇಳುತ್ತಾರೆ. ಕತೆಯಷ್ಟೆ, ಆದರೂ ಮುದುಕರ ಊರಿಗೆ ಅಂಥದೊಂದು ಇರಲಿ ಬಿಡಿ.

ಓದುಗರು ಇಲ್ಲಿ ಒಂದನ್ನು ಗಮನಿಸಬೇಕು. ವೈಟ್ ಅವರ ನಕ್ಷೆಯಲ್ಲಿ ಮುದುಕರಿಲ್ಲ. ಅಲ್ಲಿದ್ದವರು ನೇಗಿಲು ಹಿಡಿಯುವ ತರುಣರು, ಅವರ ಹೆಂಡಿರು, ಬಯಲಿನಲ್ಲಿ ಆಡುವ ಮಕ್ಕಳು. ಆದದ್ದು ಬೇರೆ. ಮಳೆಯನ್ನು ನೆಚ್ಚಿದ ಕೆಂಪು ನೆಲದಲ್ಲಿ ಬೇಸಾಯ ಯೋಚಿಸಿದಷ್ಟು ಹಬ್ಬಲಿಲ್ಲ. ಲೇಖನಿ ಹಿಡಿದ ಕೈಗೆ ಗುದ್ದಲಿ ಅಷ್ಟು ಬೇಗ ಒಗ್ಗುವುದಿಲ್ಲವೆಂದು ಅಡಿಕೆ ತೋಟದವನಾದ ನಾನೂ ಬಲ್ಲೆ. 1907ರ ಹೊತ್ತಿಗೆ ಆ ಹಳ್ಳಿಯಲ್ಲಿ ಇದ್ದವರು ಸುಮಾರು 130 ಮಂದಿ. ತರುಣರು ಸಂಬಳವನ್ನು ಹುಡುಕಿಕೊಂಡು ಮತ್ತೆ ರೈಲಿಗೆ, ತಂತಿಗೆ ಹೋದರು. ಹಾಗಾದರೆ ಬಂದು ನೆಲೆಸಿದವರು ಯಾರು? ಆ ರೈಲ್ವೆಯಿಂದ, ಕೋಲಾರದ ಚಿನ್ನದ ಗಣಿಯಿಂದ ಪಿಂಚಣಿ ಪಡೆದು ಹೊರಬಂದವರು. ತಂಪು ಹವೆ, ಹೂವಿನ ತೋಟ, ಆದಿತ್ಯವಾರದ ಚರ್ಚು, ಸಂಜೆಯ ಮಾತು. ಹೊಲಗಾರರ ಊರಾಗಬೇಕೆಂದಿದ್ದುದು ಪಿಂಚಣಿದಾರರ ಊರಾಯಿತು. 1947ರ ಬಳಿಕ ಅವರ ಮಕ್ಕಳು ಇಂಗ್ಲೆಂಡಿಗೆ, ಆಸ್ಟ್ರೇಲಿಯಕ್ಕೆ, ಕೆನಡಕ್ಕೆ ಹಡಗು ಹತ್ತಿದರು. ವಯಸ್ಸಾದವರು ಬಂಗಲೆಯ ಜಗಲಿಯಲ್ಲಿ ಕುಳಿತು ಅಂಚೆಯವನ ದಾರಿ ನೋಡಿದರು. 1990ರ ದಶಕದಲ್ಲಿ ತಂತ್ರಜ್ಞಾನದ ಕಟ್ಟಡಗಳು ಬಂದು ನೆಲಕ್ಕೆ ಚಿನ್ನದ ಬೆಲೆ ಬಂದಾಗ ಆ ಜಗಲಿಗಳಲ್ಲಿ ಹೆಚ್ಚಿನವು ಮಾರಾಟವಾದವು.

ವೈಟ್‌ಫೀಲ್ಡಿನದು ಒಂಟಿ ಕತೆಯಲ್ಲ. ಈಗಿನ ಝಾರ್ಖಂಡದಲ್ಲಿ ಮೆಕ್ಲಸ್ಕಿಗಂಜ್ ಎಂಬೊಂದು ಊರಿದೆ. 1933ರಲ್ಲಿ ಇ. ಟಿ. ಮೆಕ್ಲಸ್ಕಿ ಎಂಬವರು ಇದೇ ಜನಕ್ಕೆ ‘ಸ್ವಂತ ನೆಲ’ವೆಂದು ಕಾಡಿನ ನಡುವೆ ಅದನ್ನು ಆರಂಭಿಸಿದರು. ನೂರಾರು ಕುಟುಂಬಗಳು ಬಂದವು. ಅವರ ಮಕ್ಕಳೂ ಹೊರಟುಹೋದರು. ಕೊನೆಗೆ ಉಳಿದದ್ದು ಬೆರಳೆಣಿಕೆಯ ವೃದ್ಧರು. ಅಮೆರಿಕೆಯವರದು ಬೇರೆಯೇ ದಾರಿ. ಅವರು ಮುದುಕರಿಗಾಗಿಯೇ ನಕ್ಷೆ ಬರೆದರು. 1960ರ ಜನವರಿ 1ರಂದು ಅರಿಜೋನದ ಮರುಭೂಮಿಯಲ್ಲಿ ‘ಸನ್ ಸಿಟಿ’ ಎಂಬ ಊರಿನ ಬಾಗಿಲು ತೆರೆಯಿತು. ಈಜುಕೊಳ, ಆಟದ ಬಯಲು, ಅಂಗಡಿಗಳು. ಮಕ್ಕಳ ಸಂಸಾರಗಳಿಗೆ ಮಾತ್ರ ಅಲ್ಲಿ ನೆಲೆಯಿಲ್ಲ. ಅಣ್ಣನ ಪುಸ್ತಿಕೆ ಆ ಊರಿನ ಮೊಮ್ಮಗು. ನಮ್ಮಲ್ಲಿ ಕೊಯಮತ್ತೂರಿನ ಸುತ್ತ ಇಂಥ ಬಡಾವಣೆಗಳು ಹೆಚ್ಚು, ಬೆಂಗಳೂರಿನಲ್ಲೂ ಏಳುತ್ತಿವೆ.

ಪುರಾಣಕಾಲದ ನಮ್ಮ ಹಿರಿಯರೂ ವಾನಪ್ರಸ್ಥವೆಂದು ಒಂದು ಏರ್ಪಾಡು ಮಾಡಿದ್ದರಲ್ಲ ಎಂದು ನೀವು ಕೇಳಬಹುದು. ಮಾಡಿದ್ದರು, ನಿಜ. ಕಾಶಿಗೆ ಹೋಗಿ ಕೊನೆಯ ದಿನಗಳನ್ನು ಕಳೆದವರೂ ಇದ್ದರು. ಆದರೆ ಕಾಡಿಗೆ ಹೊರಡುವವನು ತಾನಾಗಿ ಹೊರಡುತ್ತಿದ್ದ. ಮಗನಿಗೆ ಮನೆಯನ್ನು ಒಪ್ಪಿಸಿ ಹೋಗುತ್ತಿದ್ದ. ಒಪ್ಪಿಸಿಕೊಳ್ಳಲು ಮನೆಯಲ್ಲಿ ಮಗನಿರುತ್ತಿದ್ದನೆಂಬುದೇ ಆ ಏರ್ಪಾಡಿನ ತಳಪಾಯ.

*

ರಾತ್ರಿಯ ಬಸ್ಸಿನಲ್ಲಿ ಘಟ್ಟ ಇಳಿದು ಬಂದವನು ನೇರ ಕಾಣಿಯೂರಿಗೆ ಹೋದೆ. ಹೆದ್ದಾರಿಯಿಂದ ನಮ್ಮ ಮನೆಗೆ ಹದಿನೈದು ನಿಮಿಷದ ನಡಿಗೆ. ನೂರಾರು ಸಲ ನಡೆದ ದಾರಿ. ಆ ದಿನ ಮಾತ್ರ, ತಲೆಯಲ್ಲಿ ಇನ್ನೂ ವೈಟ್‌ಫೀಲ್ಡಿನ ವೃತ್ತ ತಿರುಗುತ್ತಿದ್ದುದರಿಂದಲೋ ಏನೋ, ಮನೆಗಳನ್ನು ಎಣಿಸುತ್ತ ನಡೆದೆ.

ಮೊದಲ ಮನೆಯಲ್ಲಿ ಗಂಡ ಹೆಂಡತಿ, ಇಬ್ಬರಿಗೂ ಎಪ್ಪತ್ತು ದಾಟಿದೆ, ಮಗ ಬೆಂಗಳೂರಿನಲ್ಲಿ. ಎರಡನೆಯದಕ್ಕೆ ಬೀಗ. ಮೂರನೆಯದರಲ್ಲಿ ವಿಧವೆ ಅಕ್ಕ, ಅವಿವಾಹಿತ ತಮ್ಮ, ತಮ್ಮನಿಗೇ ಅರುವತ್ತೆಂಟು. ನಾಲ್ಕನೆಯದರಲ್ಲಿ ನನ್ನ ಪ್ರಾಥಮಿಕ ಶಾಲೆಯ ಗುರುಗಳು, ಮಕ್ಕಳಿಬ್ಬರೂ ಸಮುದ್ರದಾಚೆ. ಐದನೆಯದರಲ್ಲಿ ಮಾತ್ರ ಅಂಗಳದಲ್ಲಿ ಸಣ್ಣ ಸೈಕಲ್ ಇತ್ತು; ನೋಡಿ ಸಂತೋಷವಾಯಿತು. ಆರನೆಯದು ಹಾಲಿನಾಕೆಯದು. ಅವಳಿಗೂ ಅರುವತ್ತೈದಾಯಿತು; ಗಂಡನಿಲ್ಲ; ಮಗ ಮಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ಏಳನೆಯದು ನಮ್ಮದು.

ಏಳು ಮನೆಗಳಲ್ಲಿ ಒಂದು ಸೈಕಲ್. ತೋಟದ ಬೇಲಿಯ ಬಳಿ ನಿಂತೆ. ಹಿರಿಯರ ಬಡಾವಣೆಯನ್ನು ನೋಡಲು ನಾನು ಬೆಂಗಳೂರಿನವರೆಗೆ ಹೋಗಿ ಬಂದಿದ್ದೆ. ಹುಟ್ಟಿದ ಊರೇ ಅದಾಗಿರುವುದು ಕಣ್ಣಿಗೆ ಬಿದ್ದಿರಲಿಲ್ಲ. ಯಾರೂ ಕೈವಾರ ಹಿಡಿಯಲಿಲ್ಲ, ಯಾವ ಅರಸರೂ ನೆಲ ಕೊಡಲಿಲ್ಲ, ಬಣ್ಣದ ಪುಸ್ತಿಕೆಯನ್ನು ಯಾರೂ ಅಚ್ಚು ಹಾಕಿಸಲಿಲ್ಲ. ವೈಟ್ ಅವರ ಊರಿನಲ್ಲಿ ಆದದ್ದೇ ಇಲ್ಲೂ ಆಗಿದೆ. ಮುದುಕರ ಊರನ್ನು ಯಾರೂ ಕಟ್ಟಬೇಕಾಗಿಲ್ಲ. ತರುಣರು ಹೊರಟರೆ ಸಾಕು, ಅದು ತಾನಾಗಿಯೇ ಆಗುತ್ತದೆ. ಹೊರಟವರಲ್ಲಿ ಅಣ್ಣ ಒಬ್ಬ. ಪುತ್ತೂರಿನ ಬಸ್ಸು ಹತ್ತಿದ ನಾನೂ ಒಬ್ಬ. ವ್ಯತ್ಯಾಸವಿಷ್ಟೆ: ಅವನು ತಾನಿಲ್ಲವೆಂದು ಒಪ್ಪಿಕೊಂಡು ಗುಂಡಿಯನ್ನು ಹುಡುಕಿದ. ನಾನು ಆದಿತ್ಯವಾರಗಳನ್ನು ತೋರಿಸಿ, ಇದ್ದೇನೆಂದು ನಂಬಿಸಿಕೊಂಡಿದ್ದೆ. ಉಳಿದ ಆರು ದಿನಗಳನ್ನು ಅರ್ಧ ಲೀಟರ್ ಹಾಲಿನ ಕ್ರಯಕ್ಕೆ ಒಬ್ಬ ಹೆಂಗಸಿನ ತಲೆಗೆ ಕಟ್ಟಿದ್ದೆ.

ಅಮ್ಮ ಪುಸ್ತಿಕೆಯನ್ನು ಕನ್ನಡಕ ಹಾಕಿಕೊಂಡು ಪುಟಪುಟವಾಗಿ ನೋಡಿದಳು. ಬಚ್ಚಲಿನ ಚಿತ್ರವನ್ನು ಹೆಚ್ಚು ಹೊತ್ತು ನೋಡಿದಳು.

“ಒಳ್ಳೇದುಂಟು,” ಎಂದಳು. “ಅಲ್ಲಿ ಸಣ್ಣ ಮಕ್ಕಳು ಉಂಟೋ?”

“ಇಲ್ಲ. ಐವತ್ತೈದು ಆದವರಿಗೆ ಮಾತ್ರ.”

“ಹಾಗಾದರೆ ಇಲ್ಲಿಯ ಹಾಗೆಯೇ,” ಎಂದು ನಕ್ಕಳು. ದಾರಿಯುದ್ದಕ್ಕೂ ಎಣಿಸಿ ನಾನು ಕಂಡುಹಿಡಿದದ್ದು ಅವಳಿಗೆ ಎಂದೋ ಗೊತ್ತಿತ್ತು.

“ಅಣ್ಣ ಹೇಳುವುದರಲ್ಲಿ ಸುಳ್ಳಿಲ್ಲ ಅಮ್ಮ. ಆ ರಾತ್ರಿಯ ಹಾಗೆ ಮತ್ತೆ ಆದರೆ?”

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಹೆದರಿಕೆ ಇಲ್ಲ ಅಂತ ನಾನು ಹೇಳುವುದಿಲ್ಲ. ಆ ರಾತ್ರಿ ಬಹಳ ಉದ್ದ ಇತ್ತು,” ಎಂದಳು. ಮತ್ತೆ, “ಆದರೆ ಒಂದು ಹೇಳು. ಅವಳು ಬಂದು ಕೇಳ್ತಾಳೆ, ನಾನು ‘ಉಳ್ಳೆ’ ಅಂತೇನೆ. ಅವಳು ಬಾರದ ದಿನ? ಹೋದ ವರ್ಷ ಜ್ವರ ಬಂದು ಅವಳು ಮಲಗಿದಾಗ ಏಳು ಗಂಟೆಗೆ ಐದನೇ ಮನೆಯ ಹುಡುಗನನ್ನು ಓಡಿಸಿದ್ದು ನಾನು. ನಾನು ಅಲ್ಲಿಗೆ ಹೋಗಿ ಗುಂಡಿ ಒತ್ತುತ್ತಾ ಕೂತರೆ ಅವಳಿಗೆ ಯಾರು?”

ಇಷ್ಟು ವರ್ಷ ಆ ಕೂಗಿನಲ್ಲಿ ನಾನು ಪ್ರಶ್ನೆಯನ್ನು ಮಾತ್ರ ಕೇಳಿದ್ದೆ. ಉತ್ತರಿಸುವವಳು ಎದುರಿನವಳನ್ನೂ ದಿನಾ ಎಣಿಸಿಕೊಳ್ಳುತ್ತಾಳೆಂಬುದು ಹೊಳೆದಿರಲಿಲ್ಲ. ಕೆಂಪು ಗುಂಡಿಯನ್ನು ಒತ್ತಿದರೆ ಓಡಿ ಬರುವವನ ಕ್ಷೇಮವನ್ನು ಮಂಚದ ಮೇಲಿನವರು ವಿಚಾರಿಸುವ ಏರ್ಪಾಡು ಪುಸ್ತಿಕೆಯ ಯಾವ ಪುಟದಲ್ಲೂ ಇರಲಿಲ್ಲ.

ಇದನ್ನೆಲ್ಲ ಅಣ್ಣನಿಗೆ ಫೋನಿನಲ್ಲಿ ಹೇಳಿದೆ. ಈ ಸಲ ಉಪನ್ಯಾಸ ಮಾಡಲಿಲ್ಲ. ಅವನು ಬಹಳ ಹೊತ್ತು ಸುಮ್ಮನಿದ್ದು, “ಬಚ್ಚಲಿಗೆ ಹಿಡಿಯನ್ನಾದರೂ ಹಾಕಿಸೋಣ. ಹಣ ನನ್ನದು,” ಎಂದ. ಅಮ್ಮ ಒಂದು ಷರತ್ತಿನ ಮೇಲೆ ಒಪ್ಪಿದಳು: ಹಾಕಿಸುವುದಾದರೆ ಎರಡು ಬಚ್ಚಲಿಗೆ ಹಾಕಿಸಬೇಕು, ಏಳನೆಯ ಮನೆಗೂ ಆರನೆಯ ಮನೆಗೂ. ದೀಪಾವಳಿಯ ಎಣ್ಣೆಸ್ನಾನಕ್ಕೆ ಮುಂಚೆ ಅದು ಆಯಿತು. ಹೊಸ್ತಿಲನ್ನೂ ಒಡೆಸಿ ಸಪಾಟು ಮಾಡಿಸಿದೆವು. ಪುಸ್ತಿಕೆಯಿಂದ ನಾವು ಕಲಿತದ್ದಿಲ್ಲವೆಂದು ಹೇಳಿದರೆ ತಪ್ಪಾದೀತು. ಇಷ್ಟರಿಂದ ಎಲ್ಲವೂ ಸರಿಹೋಯಿತೆಂದೂ ನಾನು ಹೇಳಲಾರೆ. ಅಮ್ಮನಿಗೆ ಇನ್ನೂ ವಯಸ್ಸಾಗುತ್ತದೆ, ಹಾಲಿನಾಕೆಗೂ ಆಗುತ್ತದೆ, ಒಂದು ದಿನ ಆ ಪುಸ್ತಿಕೆಯನ್ನು ನಾವು ಮತ್ತೆ ಬಿಡಿಸಿ ನೋಡಬೇಕಾಗಬಹುದು. ಅದು ಈಗಲೂ ಕಪಾಟಿನಲ್ಲಿದೆ.

ನನ್ನ ಪಾಲಿಗೆ ಬಂದ ಕೆಲಸ ಸಣ್ಣದು. ಬುಧವಾರವೂ ಶನಿವಾರವೂ ಕಾಲೇಜು ಬಿಟ್ಟ ಮೇಲೆ ಮನೆಗೆ ಹೋಗದೆ ಕಾಣಿಯೂರಿನ ಬಸ್ಸು ಹತ್ತುತ್ತೇನೆ. ಉತ್ತರಪತ್ರಿಕೆಗಳನ್ನು ಚೀಲದಲ್ಲಿ ಒಯ್ದು ಜಗಲಿಯ ದೀಪದಲ್ಲಿ ತಿದ್ದುತ್ತೇನೆ. ಬೆಳಗ್ಗೆ ಏಳುವ ಬಸ್ಸಿಗೆ ಮರಳುತ್ತೇನೆ. ಇದರಲ್ಲಿ ಹೆಗ್ಗಳಿಕೆಯೇನೂ ಇಲ್ಲ. ಇನ್ನೂ ಐದು ರಾತ್ರಿಗಳು ಉಳಿದೇ ಇವೆ.

ಮೊನ್ನೆ ಗುರುವಾರ ಬೆಳಗ್ಗೆ ಅಮ್ಮ ಹಿಂದಿನ ಕೆರೆಯ ಬದಿಗೆ ಹೂ ಕೊಯ್ಯಲು ಹೋಗಿದ್ದಳು. ಅಂಗಳದ ತುದಿಯಿಂದ ಕೂಗು ಬಂತು: “ಅಮ್ಮ ಉಳ್ಳೆರಾ?” ನಾನು ಹೊರಗೆ ಬಂದು “ಉಳ್ಳೆರ್” ಎಂದೆ. ಹಾಲಿನಾಕೆ ಕ್ಯಾನನ್ನು ಕೆಳಗಿಟ್ಟು, ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

“ಈರ್ ಏಪ ಬತ್ತಿನಿ?” ಎಂದು ಕೇಳಿದಳು. ನೀವು ಯಾವಾಗ ಬಂದದ್ದು?

ಬೀಳ್ಕೊಡುಗೆಯ ದಿನ ಹಿರಿಯರು ಕಾಫಿ ಕುಡಿಯುತ್ತ ಕೇಳಿದ ಪ್ರಶ್ನೆ ಅದೇಕೋ ನೆನಪಾಯಿತು. ನಿನ್ನೆ ಸಂಜೆ ಎಂದು ಹೇಳಿ ಪಾತ್ರೆಯನ್ನು ಮುಂದೆ ಹಿಡಿದೆ.